ಯಾವ ಕೋಲಿನಿಂದ ಅಳೆದದ್ದು? ವಾಳಪೈ–ಚೋರ್ಲಾ ದಾರಿಯಲ್ಲಿ ಅಪಘಾತದ ಜಾಗ ಗುರುತಿಸುವ ಪದ್ಧತಿಗಳ ಚರಿತ್ರೆ

(ಸ್ನಾತಕೋತ್ತರ ವಿದ್ಯಾರ್ಥಿಗಳ ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಾಡಿದ ಮಂಡನೆಯ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಕನ್ನಡ ಎಂ.ಎ. ಓದುವವರು ರಸ್ತೆ ಅಪಘಾತದ ನಕ್ಷೆಯ ಬಗ್ಗೆ ಯಾಕೆ ಮಾತಾಡಬೇಕು ಅನ್ನೋ ಪ್ರಶ್ನೆ ವಿಷಯ ಕೊಟ್ಟ ದಿನವೇ ಬಂದಿತ್ತು. ಆ ಪ್ರಶ್ನೆಗೆ ನೇರ ಉತ್ತರ ಕೊಡುವ ಬದಲು ಮನೆಯ ಒಂದು ಸಂಗತಿಯಿಂದ ಶುರು ಮಾಡ್ತೇನೆ.

ನಮ್ಮದು ಖಾನಾಪುರ ತಾಲೂಕು. ನನ್ನ ಸೋದರಮಾವ ಬೆಳಗಾವಿಯಿಂದ ಗೋವಾಕ್ಕೆ ತರಕಾರಿ ಸಾಗಿಸುವ ಟೆಂಪೊ ಓಡಿಸುತ್ತಿದ್ದರು. ಜಾಂಬೋಟಿ, ಕಣಕುಂಬಿ, ಚೋರ್ಲಾ ದಾಟಿ ಘಾಟಿ ಇಳಿದು ಕೇರಿ, ಅಲ್ಲಿಂದ ವಾಳಪೈ. ವಾಳಪೈ ಅಂದರೆ ಉತ್ತರ ಗೋವಾದ ಸತ್ತರಿ ತಾಲೂಕಿನ ಮುಖ್ಯ ಊರು. 2016ರ ಮಳೆಗಾಲದಲ್ಲಿ ಘಾಟಿಯ ಒಂದು ತಿರುವಿನಲ್ಲಿ ಎದುರಿನಿಂದ ಬಂದ ಲಾರಿ ತಾಗಿ ಮಾವನ ಟೆಂಪೊ ಪಲ್ಟಿಯಾಯಿತು. ಬಲಗಾಲು ಹೋಯಿತು. ಜೀವ ಉಳೀತು.

ಆಮೇಲೆ ಪರಿಹಾರದ ಕೇಸು ನಡೆದಾಗ ಕಾಗದಗಳನ್ನು ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಮನೆಯಲ್ಲಿ ಇಂಗ್ಲಿಷು, ಕನ್ನಡ, ಮರಾಠಿ ಮೂರೂ ಓದಲು ಬರುತ್ತಿದ್ದದ್ದು ನನಗೊಬ್ಬನಿಗೇ. ಒಂದು ಕಾಗದದಲ್ಲಿ ಘಟನಾ ಸ್ಥಳ ಅಂತ ಬರೀ ‘ಚೋರ್ಲಾ ಘಾಟ್’ ಅಂತಿತ್ತು. ಇನ್ನೊಂದರಲ್ಲಿ ‘ಠಾಣೆಯಿಂದ ಉತ್ತರಕ್ಕೆ ಇಷ್ಟು ಕಿಲೋಮೀಟರು, ಕೇರಿ’ ಅಂತಿತ್ತು. ಮೂರನೆಯದರಲ್ಲಿ ಒಂದು ಕಿಲೋಮೀಟರ್ ಕಲ್ಲಿನಿಂದ ಇಷ್ಟು ಮೀಟರ್ ದೂರ, ರಸ್ತೆಯ ಎಡಕ್ಕೆ, ಅಂತಿತ್ತು. ಮೂರನ್ನೂ ನಕ್ಷೆಯ ಮೇಲೆ ಇಟ್ಟು ನೋಡಿದರೆ ಮೂರು ಬೇರೆ ಬೇರೆ ಜಾಗ. ಎದುರು ಪಕ್ಷದ ವಕೀಲರು ‘ಅಪಘಾತ ಆದದ್ದಾದರೂ ಎಲ್ಲಿ?’ ಅಂತ ಕೇಳಿದಾಗ ಮಾವ ಹೇಳಿದ್ದು ಒಂದೇ ಮಾತು: ‘ಅಲ್ಲೇ ರೀ, ದೊಡ್ಡ ಮತ್ತಿ ಗಿಡದ ಕೆಳಗಿನ ತಿರುವಿನ್ಯಾಗ.’ ಅವರು ಹೇಳಿದ್ದರಲ್ಲಿ ಯಾವ ಗೊಂದಲವೂ ಇರಲಿಲ್ಲ. ಆದರೆ ಕಾಗದದಲ್ಲಿ ಆ ಮರ ಇರಲಿಲ್ಲ.

ಮರುವರ್ಷ ಅದೇ ತಿರುವಿನಲ್ಲಿ ಇನ್ನೊಂದು ಗಾಡಿ ಉರುಳಿತು ಅಂತ ಮಾವನ ಗೆಳೆಯರು ಬಂದು ಹೇಳಿದರು. ಆ ಎರಡು ಅಪಘಾತಗಳು ದಾಖಲೆಯಲ್ಲಿ ಒಂದೇ ಜಾಗದಲ್ಲಿ ಆದವು ಅಂತ ಯಾರಿಗಾದರೂ ಗೊತ್ತಾಗುತ್ತದಾ? ಈ ಮಂಡನೆ ಹುಟ್ಟಿದ್ದು ಆ ಪ್ರಶ್ನೆಯಿಂದ.

1. ಜಾಗವನ್ನು ಹೇಳುವ ನಾಲ್ಕು ಬಗೆ

ಒಂದು ಜಾಗವನ್ನು ಗುರುತಿಸಲು ನಮ್ಮ ಕಡೆ ಬಳಕೆಯಲ್ಲಿರುವ ಪದ್ಧತಿಗಳನ್ನು ನಾಲ್ಕಾಗಿ ವಿಂಗಡಿಸಿಕೊಂಡಿದ್ದೇನೆ. ಮೊದಲನೆಯದು ಹೆಸರು ಮತ್ತು ಗುರುತು: ಊರು, ಮರ, ಗುಡಿ, ಸೇತುವೆ. ಎರಡನೆಯದು ಒಂದು ಕೇಂದ್ರದಿಂದ ದಿಕ್ಕು ಮತ್ತು ದೂರ. ಮೂರನೆಯದು ದಾರಿಯನ್ನೇ ಅಳತೆಪಟ್ಟಿ ಮಾಡಿಕೊಂಡು, ಅದರ ಆರಂಭದಿಂದ ಎಷ್ಟು ದೂರ ಅಂತ ಹೇಳುವುದು. ಎಂಜಿನಿಯರುಗಳು ಇದನ್ನ ಚೈನೇಜ್ ಅಂತಾರೆ. ನಾಲ್ಕನೆಯದು ಅಕ್ಷಾಂಶ–ರೇಖಾಂಶ.

ಇವು ಒಂದಾದ ಮೇಲೆ ಒಂದು ಬಂದು, ಹೊಸದು ಬಂದ ಕೂಡಲೇ ಹಳೆಯದು ಮರೆಯಾಯಿತು ಅಂತಲ್ಲ. ಇವತ್ತಿಗೂ ಒಂದೇ ಅಪಘಾತದ ಕಡತದೊಳಗೆ ನಾಲ್ಕೂ ಸಿಗ್ತವೆ. ತೊಂದರೆ ಇರೋದು ಒಂದರಿಂದ ಇನ್ನೊಂದಕ್ಕೆ ಜಾಗವನ್ನು ಬದಲಾಯಿಸುವಾಗ.

2. ಎಪ್ಪತ್ತು ಹಳ್ಳಿ, ಒಂದು ಕೋಲು

ಮೊದಲು ನಮ್ಮ ವಿಭಾಗಕ್ಕೆ ಹತ್ತಿರದ ವಿಷಯ. ಗೋವೆಯ ಕದಂಬರ ಶಾಸನಗಳಲ್ಲಿ ಆಡಳಿತ ವಿಭಾಗಗಳ ಹೆಸರಿನ ಜೊತೆ ಒಂದು ಸಂಖ್ಯೆ ಬರ್ತದೆ: ಪಲಸಿಗೆ 12000, ಕೊಂಕಣ 900, ವೇಣುಗ್ರಾಮ 70. ವೇಣುಗ್ರಾಮ ಅಂದರೆ ಇವತ್ತಿನ ಬೆಳಗಾವಿ. ಪಲಸಿಗೆ ಅಂದರೆ ನಮ್ಮ ಖಾನಾಪುರ ತಾಲೂಕಿನ ಹಲಸಿ. ಇನ್ನು ಘಾಟಿಯ ಕೆಳಗಿರುವ ಸತ್ತರಿಯ ಹೆಸರಿಗೂ ‘ಎಪ್ಪತ್ತು ಹಳ್ಳಿಗಳ ಸೀಮೆ’ ಅನ್ನೋ ವಿವರಣೆಯನ್ನೇ ಅಲ್ಲಿಯ ಜನ ಕೊಡ್ತಾರೆ. ಮಾವನ ಟೆಂಪೊ ಓಡುತ್ತಿದ್ದ ದಾರಿಯ ಮೇಲಿನ ತುದಿಯಲ್ಲೊಂದು ಎಪ್ಪತ್ತು, ಕೆಳಗಿನ ತುದಿಯಲ್ಲೊಂದು ಎಪ್ಪತ್ತು. ಎರಡಕ್ಕೂ ನೇರ ಸಂಬಂಧ ಇದೆ ಅಂತ ನಾನು ವಾದಿಸ್ತಾ ಇಲ್ಲ. ಒಂದು ಸೀಮೆಯನ್ನು ಎಣಿಕೆಯಿಂದ ಗುರುತಿಸುವ ಅಭ್ಯಾಸ ಘಾಟಿಯ ಎರಡೂ ಕಡೆ ಇತ್ತು ಅನ್ನೋದಷ್ಟೇ ನನ್ನ ಮಾತು.

ದಾನಶಾಸನಗಳಲ್ಲಿ ಭೂಮಿಯ ಎಲ್ಲೆ ಹೇಳುವ ಭಾಗವನ್ನು ನಾವೆಲ್ಲ ಪಾಠದಲ್ಲಿ ಬೇಗ ಬೇಗ ದಾಟಿಬಿಡ್ತೇವೆ. ಮೂಡಲು ಯಾವ ಹಳ್ಳ, ತೆಂಕಲು ಯಾವ ಹುಣಸೆ, ಪಡುವಲು ಯಾವ ಹೆದ್ದಾರಿ, ಬಡಗಲು ಯಾವ ನಟ್ಟಕಲ್ಲು. ಓದಲಿಕ್ಕೆ ಬೇಸರ ಅನ್ನಿಸುವ ಈ ಸಾಲುಗಳು ನಿಜಕ್ಕೂ ಎಚ್ಚರದಿಂದ ಬರೆದವು. ಬರೆದವನಿಗೆ ಮರ ಬೀಳುತ್ತದೆ, ಹಳ್ಳ ಹರಿವು ಬದಲಾಯಿಸುತ್ತದೆ ಅಂತ ಗೊತ್ತಿತ್ತು. ಅದಕ್ಕೇ ಒಂದೇ ಗುರುತಿಗೆ ಜೋತು ಬೀಳದೆ ನಾಲ್ಕು ದಿಕ್ಕಿನಿಂದಲೂ ಜಾಗವನ್ನು ಹಿಡಿದು ನಿಲ್ಲಿಸ್ತಾನೆ.

ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಇಷ್ಟು ಮತ್ತರು ಭೂಮಿ ಅಂದ ಮೇಲೆ ಅನೇಕ ಶಾಸನಗಳು ಅದನ್ನು ಯಾವ ಊರಿನ ಕೋಲಿನಿಂದ, ಯಾವ ಗಳೆಯಿಂದ ಅಳೆದದ್ದು ಅಂತಲೂ ಹೇಳ್ತವೆ. ಯಾಕಂದರೆ ಕೋಲಿನ ಉದ್ದ ಊರಿಂದೂರಿಗೆ ಬೇರೆ. ಕೋಲಿನ ಹೆಸರಿಲ್ಲದೆ ಅಳತೆ ಹೇಳಿದರೆ ನಾಳೆ ಜಗಳ ಖಂಡಿತ. ಈ ಒಂದು ಅಭ್ಯಾಸವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಇನ್ನು ಮುಂದೆ ನಾನು ಹೇಳೋದೆಲ್ಲ ಈ ಅಭ್ಯಾಸ ನಮ್ಮ ಕಾಲದಲ್ಲಿ ಎಲ್ಲೆಲ್ಲಿ ಕೈತಪ್ಪಿತು ಅನ್ನೋದರ ಬಗ್ಗೆ.

ದಾರಿಯ ದೂರಕ್ಕೂ ನಮ್ಮಲ್ಲಿ ಬೇರೆ ಮಾತುಗಳಿದ್ದವು: ಕೂಗಳತೆ, ಹರದಾರಿ, ಗಾವುದ. ಕೂಗಳತೆ ಅಂದರೆ ಕೂಗಿದರೆ ಕೇಳುವಷ್ಟು ದೂರ. ಹರದಾರಿ ಸುಮಾರು ಮೂರು ಮೈಲು ಅಂತ ಲೆಕ್ಕ. ಘಾಟಿಯಲ್ಲಿ ಏರು ಇದ್ದರೆ ಜನರ ಬಾಯಲ್ಲಿ ಹರದಾರಿ ಗಿಡ್ಡವಾಗ್ತದೆ, ಬಯಲಲ್ಲಿ ಉದ್ದವಾಗ್ತದೆ. ನಡೆಯುವ ಕಾಲಿಗೆ ಅದು ಸರಿಯಾದ ಅಳತೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬರುವ ಲಾರಿಗೆ ಅದು ಸಾಲದು.

3. ಠಾಣೆಯಿಂದ ಎಷ್ಟು ದೂರ

ಪ್ರಥಮ ವರ್ತಮಾನ ವರದಿ, ಅಂದರೆ ಎಫ್‌ಐಆರ್ ನಮೂನೆಯಲ್ಲಿ ಘಟನೆ ನಡೆದ ಸ್ಥಳಕ್ಕೆ ಒಂದು ಕಾಲಂ ಇದೆ. ಅದರಲ್ಲಿ ಮೊದಲು ಕೇಳೋದು ಪೊಲೀಸ್ ಠಾಣೆಯಿಂದ ದಿಕ್ಕು ಮತ್ತು ದೂರ. ಆಮೇಲೆ ವಿಳಾಸ. ಹದ್ದು ಯಾವ ಠಾಣೆಯದು, ಪೊಲೀಸರು ಎಷ್ಟು ಹೊತ್ತಿನಲ್ಲಿ ತಲುಪಬಹುದಿತ್ತು ಅನ್ನೋದು ತಿಳಿಯಲು ಇದು ಉಪಯೋಗದ ಮಾಹಿತಿ. ಇಲ್ಲಿ ಜಾಗದ ನಡುಬಿಂದು ಠಾಣೆ. ಎಲ್ಲ ಘಟನೆಗಳೂ ಅದರ ಸುತ್ತ ಕೂತಿರ್ತವೆ.

ಆದರೆ ಈ ಅಳತೆಯ ಕೋಲು ಯಾವುದು ಅಂತ ನಮೂನೆ ಕೇಳೋದಿಲ್ಲ. ನಕ್ಷೆಯ ಮೇಲೆ ಹಾರುವ ಹಕ್ಕಿಯ ದೂರವಾ? ರಸ್ತೆಯ ಮೇಲೆ ಹೋದ ದೂರವಾ? ಬಯಲು ಸೀಮೆಯಲ್ಲಿ ಎರಡಕ್ಕೂ ಹೆಚ್ಚು ವ್ಯತ್ಯಾಸ ಬರೋದಿಲ್ಲ. ವಾಳಪೈಯಿಂದ ಘಾಟಿಗೆ ಹೊರಟರೆ ರಸ್ತೆ ಹಾವಿನ ಹಾಗೆ ಸುತ್ತಿಕೊಂಡು ಏರ್ತದೆ, ಎರಡೂ ದೂರ ಬಹಳ ಬೇರೆ ಆಗ್ತವೆ. ಜೊತೆಗೆ ಬರೆಯುವವರು ಪೂರ್ಣ ಸಂಖ್ಯೆಗೆ ಇಳಿಸಿ ಬರೀತಾರೆ. ಹತ್ತಿರದ ಕಿಲೋಮೀಟರಿಗೆ ಇಳಿಸಿದರೆ ಹಿಂದೆ 500 ಮೀಟರು, ಮುಂದೆ 500 ಮೀಟರು ತಪ್ಪಿರಬಹುದು. ಈ 500 ಅನ್ನೋ ಸಂಖ್ಯೆ ಮುಂದೆ ಮತ್ತೆ ಬರ್ತದೆ.

ಹೆಸರಿನ ತೊಡಕು ಬೇರೆ. ಗೋವಾದಲ್ಲಿ ಕೇರಿ ಅನ್ನೋ ಊರು ಸತ್ತರಿಯಲ್ಲಿ ಒಂದಿದೆ, ಪೆಡ್ಣೆ ತಾಲೂಕಿನ ಸಮುದ್ರದ ದಂಡೆಯಲ್ಲಿ ಒಂದಿದೆ, ಫೋಂಡಾ ತಾಲೂಕಿನಲ್ಲಿ ಇನ್ನೊಂದಿದೆ. ಪೋರ್ಚುಗೀಸ್ ಕಾಲದ ರೋಮನ್ ಬರವಣಿಗೆಯಲ್ಲಿ ಅದೇ ಊರು ‘ಕ್ವೆರಿಂ’ ಅಂತ ಓದಬಹುದಾದ ರೂಪದಲ್ಲಿದೆ. ಸಾಖಳಿ ‘ಸ್ಯಾಂಕ್ವೆಲಿಂ’ ಆಗ್ತದೆ, ನಾವು ವಾಳಪೈ ಅನ್ನೋದು ‘ವಾಲ್ಪೊಯ್’ ಆಗ್ತದೆ. ಖಾನಾಪುರದ ಕಡೆಯ ಕನ್ನಡ ಕಾಗದವೂ ಗೋವಾದ ಇಂಗ್ಲಿಷ್ ಕಾಗದವೂ ಒಂದೇ ಊರನ್ನು ಹೇಳ್ತಿವೆ ಅಂತ ತಿಳಿಯಲು ಮನುಷ್ಯನೇ ಬೇಕು. ಹೆಸರನ್ನು ಅಕ್ಷರ ಹೋಲಿಸಿ ಹುಡುಕುವ ಕಂಪ್ಯೂಟರಿಗೆ ಇವು ಎರಡು ಊರು.

4. ಸರಪಳಿ, ಫರ್ಲಾಂಗು, ಕಿಲೋಮೀಟರು

ಚೈನೇಜ್ ಅನ್ನೋ ಮಾತು ಬಂದದ್ದೇ ಅಳತೆಯ ಸರಪಳಿಯಿಂದ. ಗಂಟರ್ ಸರಪಳಿಯ ಉದ್ದ 66 ಅಡಿ. ಅಂಥ 10 ಸರಪಳಿ ಒಂದು ಫರ್ಲಾಂಗು, 80 ಸರಪಳಿ ಒಂದು ಮೈಲು. ನಮ್ಮ ಕಡೆ ಹೊಲ ಅಳೆದ ಸರಪಳಿ ಮಾತ್ರ 33 ಅಡಿಯದು. ಅದರ ಉದ್ದಗಲ ಗುಣಿಸಿದರೆ ಒಂದು ಗುಂಟೆ, 40 ಗುಂಟೆಗೆ ಎಕರೆ. ಹೆಸರು ಒಂದೇ ಸರಪಳಿ, ಉದ್ದ ಎರಡು. ಶಾಸನ ಬರೆದವನು ಇಲ್ಲಿದ್ದಿದ್ದರೆ ‘ಯಾವ ಸರಪಳಿ?’ ಅಂತ ಕೇಳದೆ ಬಿಡುತ್ತಿರಲಿಲ್ಲ.

ಬೆಳಗಾವಿ ಜಿಲ್ಲೆ ಬ್ರಿಟಿಷರ ಮುಂಬಯಿ ಪ್ರಾಂತ್ಯದಲ್ಲಿದ್ದಾಗ ರಸ್ತೆಗೆ ಮೈಲುಗಲ್ಲು, ಫರ್ಲಾಂಗ್ ಕಲ್ಲು ಇದ್ದವು. ಘಾಟಿಯ ಕೆಳಗೆ ಸತ್ತರಿ 1961ರ ಡಿಸೆಂಬರ್ 19ರವರೆಗೆ ಪೋರ್ಚುಗೀಸರ ಕೈಯಲ್ಲಿತ್ತು. ಪೋರ್ಚುಗಲ್ 1852ರಲ್ಲೇ ಮೆಟ್ರಿಕ್ ಪದ್ಧತಿಯನ್ನು ಕಾನೂನಿನಲ್ಲಿ ಒಪ್ಪಿಕೊಂಡ ದೇಶ. ಭಾರತದಲ್ಲಿ ತೂಕ–ಅಳತೆಯ ಮೆಟ್ರಿಕ್ ಕಾಯ್ದೆ ಬಂದದ್ದು 1956ರಲ್ಲಿ, ರಸ್ತೆಯ ಕಲ್ಲುಗಳು ಬದಲಾದದ್ದು ಅದರ ನಂತರ. ಭಾರತೀಯ ರಸ್ತೆ ಕಾಂಗ್ರೆಸ್ ಕಿಲೋಮೀಟರ್ ಕಲ್ಲಿಗೂ ನಡುವಿನ 200 ಮೀಟರ್ ಕಲ್ಲಿಗೂ ಮಾದರಿ ಹಾಕಿಕೊಟ್ಟಿತು. ಫರ್ಲಾಂಗು ಅಂದರೆ ಸುಮಾರು 201 ಮೀಟರು. ಹಾಗಾಗಿ ಹಳೆ ಫರ್ಲಾಂಗ್ ಕಲ್ಲಿಗೂ ಹೊಸ 200 ಮೀಟರ್ ಕಲ್ಲಿಗೂ ಒಂದೊಂದು ಕಲ್ಲಿನ ಮಟ್ಟಿಗೆ ಒಂದು ಹೆಜ್ಜೆಯ ವ್ಯತ್ಯಾಸ ಅಷ್ಟೇ. ಆದರೆ ಮೈಲಿಗೆ ಫರ್ಲಾಂಗು ಎಂಟು, ಕಿಲೋಮೀಟರಿಗೆ 200 ಮೀಟರು ಐದು. ಎಣಿಕೆ ಪೂರ್ತಿ ಬದಲಾಯಿತು. ಭಾಷೆ ಮಾತ್ರ ಬದಲಾಗಲಿಲ್ಲ. ಕಿಲೋಮೀಟರ್ ಬರೆದ ಕಲ್ಲಿಗೂ ನಾವು ಇವತ್ತಿಗೂ ಮೈಲುಗಲ್ಲು ಅಂತಲೇ ಅಂತೇವೆ.

ಈ ಪದ್ಧತಿಯ ಬಲ ಏನಂದರೆ ರಸ್ತೆಯ ಮೇಲೆ ನಿಂತವನಿಗೆ ಯಾವ ಯಂತ್ರವೂ ಬೇಡ. ಕಲ್ಲು ನೋಡಿ, ಹೆಜ್ಜೆ ಎಣಿಸಿ ಜಾಗ ಹೇಳಬಹುದು. ರಿಪೇರಿ ಮಾಡುವ ಎಂಜಿನಿಯರಿಗೂ ಅದೇ ಭಾಷೆ ಅರ್ಥ ಆಗ್ತದೆ. ದೌರ್ಬಲ್ಯ ಏನಂದರೆ ದಾರಿ ಬದಲಾದರೆ ಅಳತೆಪಟ್ಟಿಯೇ ಬದಲಾಗ್ತದೆ. ಒಂದು ತಿರುವನ್ನು ನೇರ ಮಾಡಿ 300 ಮೀಟರು ಉಳಿಸಿದರೆ ಅದರ ಮುಂದಿನ ಎಲ್ಲ ಜಾಗದ ಸಂಖ್ಯೆಯೂ 300 ಮೀಟರು ಹಿಂದೆ ಸರೀಬೇಕು. ಕಲ್ಲುಗಳನ್ನು ಹಾಗೇ ಬಿಟ್ಟರೆ ಎರಡು ಕಲ್ಲಿನ ನಡುವೆ 700 ಮೀಟರಿನ ‘ಕಿಲೋಮೀಟರು’ ಒಂದು ಉಳೀತದೆ. ಹತ್ತು ವರ್ಷದ ಹಿಂದಿನ ಅಪಘಾತದ ಸಂಖ್ಯೆಯನ್ನು ಇವತ್ತಿನ ರಸ್ತೆಯ ಮೇಲೆ ಇಟ್ಟರೆ ಅದು ಇನ್ನೊಂದು ತಿರುವಿನ ತಲೆ ಮೇಲೆ ಹೋಗಿ ಕೂರ್ತದೆ.

ಇದಕ್ಕೆ ನಮ್ಮ ಪಕ್ಕದ ಘಾಟಿಯಲ್ಲೇ ಉದಾಹರಣೆ ಇದೆ. ಬೆಳಗಾವಿಯಿಂದ ಖಾನಾಪುರ, ಅನಮೋಡ, ಮೊಲೆ, ಫೋಂಡಾ ಮೂಲಕ ಪಣಜಿಗೆ ಹೋಗುವ ಹೆದ್ದಾರಿ ಮೊದಲು 4ಎ ಆಗಿತ್ತು. 2010ರಲ್ಲಿ ದೇಶದ ರಾಷ್ಟ್ರೀಯ ಹೆದ್ದಾರಿಗಳಿಗೆಲ್ಲ ಹೊಸ ಸಂಖ್ಯೆ ಕೊಟ್ಟಾಗ ಅದು 748 ಆಯಿತು. ಅದೇ ಏಟಿಗೆ 17 ಹೋಗಿ 66 ಬಂತು. ಈಗ ಚೋರ್ಲಾ ದಾರಿಗೂ 748ಎಎ ಅಂತ ಹೆಸರಾಗಿದೆ. ದಾರಿ ಒಂದೇ ಆದರೂ, 2009ರ ಕಾಗದ ಮತ್ತು 2012ರ ಕಾಗದ ಜೋಡಿಸಬೇಕಾದರೆ ಸಂಖ್ಯೆ ಬದಲಾದ ಕಥೆ ಗೊತ್ತಿರಬೇಕು.

4ಎ ಹೆದ್ದಾರಿಯ ಅಗಲೀಕರಣ ಯೋಜನೆಗಳ ಶೀರ್ಷಿಕೆಗಳನ್ನು ಓದುವಾಗ ನನಗೆ ಇನ್ನೊಂದು ಸಂಗತಿ ಸಿಕ್ಕಿತು. ಬೆಳಗಾವಿಯಿಂದ ಗೋವಾ ಗಡಿಯವರೆಗಿನ ಭಾಗವನ್ನು ಕಿ.ಮೀ. 0.000ರಿಂದ 84.120 ಅಂತ ಬರೆದಿದ್ದಾರೆ. ಗಡಿಯಿಂದ ಪಣಜಿಯವರೆಗಿನ ಭಾಗವನ್ನು 84.000ರಿಂದ 153.070 ಅಂತ ಬರೆದಿದ್ದಾರೆ. ಒಂದು ಭಾಗ ಮುಗಿಯುವ ಮೊದಲೇ ಇನ್ನೊಂದು ಶುರುವಾಗಿದೆ. ಕಾಗದದ ಮೇಲೆ 120 ಮೀಟರು ಎರಡೂ ಕಡೆ ಸೇರಿದೆ. ಕಟ್ಟುವವರಿಗೆ ಇದು ದೊಡ್ಡ ತಲೆನೋವಲ್ಲ, ಸ್ಥಳದಲ್ಲೇ ಸರಿಮಾಡಿಕೊಳ್ತಾರೆ. ಆದರೆ 84.060 ಅಂತ ಬರೆದ ಒಂದು ಅಪಘಾತ ಯಾವ ರಾಜ್ಯದ ಪಟ್ಟಿಗೆ ಸೇರಬೇಕು? ಎರಡಕ್ಕೂ ಸೇರಬಹುದು. ಎರಡರಿಂದಲೂ ಜಾರಿ ಹೋಗಬಹುದು.

5. ಆಕಾಶದಿಂದ ಬಂದ ಕೋಲು

ಅಕ್ಷಾಂಶ–ರೇಖಾಂಶ ಬಂದ ಮೇಲೆ ಈ ಜಗಳವೆಲ್ಲ ಮುಗೀತು ಅಂತ ಮೊದಲು ನಾನೂ ಅಂದುಕೊಂಡಿದ್ದೆ. ಅಮೆರಿಕ 2000ದ ಮೇ 2ರಂದು ಜಿಪಿಎಸ್ ಸಂಕೇತದಲ್ಲಿ ಬೇಕಂತಲೇ ಸೇರಿಸುತ್ತಿದ್ದ ದೋಷವನ್ನು ನಿಲ್ಲಿಸಿತು. ಅದರಿಂದ ಸಾಮಾನ್ಯರ ಕೈಯ ಯಂತ್ರವೂ ಕೆಲವೇ ಮೀಟರ್ ತಪ್ಪಿನಲ್ಲಿ ಜಾಗ ಹೇಳುವ ಹಾಗಾಯಿತು. ನಮ್ಮ ದೇಶದಲ್ಲಿ ಐಐಟಿ ಮದ್ರಾಸ್ ಮತ್ತು ಎನ್‌ಐಸಿ ಸೇರಿ ರೂಪಿಸಿದ ಅಪಘಾತ ದತ್ತಾಂಶ ವ್ಯವಸ್ಥೆ, ಐರ್‍ಯಾಡ್, 2021ರಲ್ಲಿ ಕರ್ನಾಟಕವೂ ಸೇರಿ ಆರು ರಾಜ್ಯಗಳಲ್ಲಿ ಮೊದಲು ಶುರುವಾಯಿತು. ಪೊಲೀಸರು ಸ್ಥಳಕ್ಕೆ ಹೋಗಿ ಮೊಬೈಲಿನಲ್ಲೇ ವಿವರ ತುಂಬಬೇಕು, ಜಾಗವನ್ನು ಫೋನೇ ಹಿಡೀಬೇಕು ಅನ್ನೋದು ಅದರ ಆಲೋಚನೆ. ಮುಂದೆ ಅದು ಇ-ಡಾರ್ ಆಗಿ ಬೆಳೀತು. ಮೊದಲ ಆರರಲ್ಲಿ ಗೋವಾ ಇರಲಿಲ್ಲ. ಅಂದರೆ ಒಂದೇ ಘಾಟಿಯ ಮೇಲರ್ಧ ಹೊಸ ವ್ಯವಸ್ಥೆಗೆ ಮೊದಲು ಬಂತು, ಕೆಳಗಿನ ಅರ್ಧ ಆಮೇಲೆ.

ಇದು ದೊಡ್ಡ ಸುಧಾರಣೆ, ಅದರಲ್ಲಿ ಅನುಮಾನ ಇಲ್ಲ. ಆದರೂ ಇಲ್ಲೂ ಕೋಲು ಯಾವುದು ಅಂತ ಕೇಳಲೇಬೇಕು. ನಾಲ್ಕು ಕಾರಣ ಕೊಡ್ತೇನೆ.

ಮೊದಲನೆಯದು ಬರೆಯುವ ರೀತಿ. ವಾಳಪೈ ಇರೋದು ಸುಮಾರು 15 ಡಿಗ್ರಿ 32 ನಿಮಿಷ ಉತ್ತರ, 74 ಡಿಗ್ರಿ 8 ನಿಮಿಷ ಪೂರ್ವದಲ್ಲಿ. ದಶಮಾಂಶದಲ್ಲಿ ಅದು 15.53, 74.13. ಯಾರಾದರೂ ನಿಮಿಷವನ್ನೇ ದಶಮಾಂಶ ಅಂದುಕೊಂಡು 15.32, 74.08 ಅಂತ ತುಂಬಿದರೆ ವಾಳಪೈ ಪೇಟೆಯ ಅಪಘಾತ ಸುಮಾರು 24 ಕಿ.ಮೀ. ದೂರ, ದಕ್ಷಿಣ ಗೋವಾದೊಳಗೆ ಹೋಗಿ ಬೀಳ್ತದೆ. ಇಂಥ ತಪ್ಪು ಹಿಡಿಯೋದು ಸುಲಭ, ಯಾಕಂದರೆ ದೊಡ್ಡದು. ಸಣ್ಣ ತಪ್ಪುಗಳೇ ಅಪಾಯ. ದಶಮಾಂಶದ ನಂತರ ಮೂರೇ ಅಂಕಿ ಉಳಿಸಿದರೆ ಕೊನೆಯ ಅಂಕಿಯ ಬೆಲೆ ಸುಮಾರು 110 ಮೀಟರು, ನಾಲ್ಕು ಉಳಿಸಿದರೆ 11 ಮೀಟರು.

ಎರಡನೆಯದು ಭೂಮಿಯ ಮಾದರಿ. ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನಲ್ಲಿ ಶುರು ಮಾಡಿದ ತ್ರಿಕೋನ ಮಾಪನದ ಪರಂಪರೆಯಲ್ಲಿ, ನಮ್ಮ ಹಳೆಯ ಸರ್ವೆ ನಕ್ಷೆಗಳು ‘ಎವರೆಸ್ಟ್ 1830’ ಅನ್ನೋ ಗೋಳದ ಲೆಕ್ಕ ಹಿಡಿದವು. ಜಿಪಿಎಸ್ ಹಿಡಿಯೋದು ‘ಡಬ್ಲ್ಯುಜಿಎಸ್ 84’ ಅನ್ನೋ ಬೇರೆ ಲೆಕ್ಕ. 2005ರ ರಾಷ್ಟ್ರೀಯ ನಕ್ಷೆ ನೀತಿಯ ನಂತರ ಸಾರ್ವಜನಿಕರಿಗೆ ಹೊಸ ಲೆಕ್ಕದ ನಕ್ಷೆಗಳು ಬಂದವು. ಒಂದೇ ಸಂಖ್ಯೆಯನ್ನು ಹಳೆ ಲೆಕ್ಕದಲ್ಲೊಮ್ಮೆ ಹೊಸ ಲೆಕ್ಕದಲ್ಲೊಮ್ಮೆ ಇಟ್ಟರೆ ನಮ್ಮ ಸೀಮೆಯಲ್ಲಿ ನೂರು ಮೀಟರಿಗಿಂತ ಹೆಚ್ಚು ಸರಿದು ಬೀಳ್ತದೆ. ಘಾಟಿಯಲ್ಲಿ ನೂರು ಮೀಟರು ಅಂದರೆ ರಸ್ತೆ ಬಿಟ್ಟು ಕಣಿವೆ.

ಮೂರನೆಯದು ನಿಂತ ಜಾಗ. ಮಳೆ, ಕತ್ತಲು, ಟ್ರಾಫಿಕ್ ಜಾಮ್, ಗಾಯಾಳುವನ್ನು ಸಾಗಿಸುವ ಅವಸರ. ಘಾಟಿಯಲ್ಲಿ ನೆಟ್‌ವರ್ಕ್ ಸಿಗೋದಿಲ್ಲ. ಅಂಥ ಹೊತ್ತಲ್ಲಿ ವಿವರವನ್ನು ಆಮೇಲೆ ಕೆಳಗಿಳಿದು ತುಂಬಿದರೆ, ಫೋನು ಹಿಡಿಯೋದು ತುಂಬಿದ ಜಾಗವನ್ನು, ಗಾಡಿ ಉರುಳಿದ ಜಾಗವನ್ನಲ್ಲ. ಇದರಲ್ಲಿ ಯಾರನ್ನೂ ದೂರುವ ಉದ್ದೇಶ ನನಗಿಲ್ಲ.

ನಾಲ್ಕನೆಯದು ಘಾಟಿಯ ಸ್ವಭಾವ. ಹಿಮ್ಮುರಿ ತಿರುವಿನಲ್ಲಿ ಮೇಲಿನ ರಸ್ತೆ ಮತ್ತು ಕೆಳಗಿನ ರಸ್ತೆ ನಕ್ಷೆಯ ಮೇಲೆ ಇಪ್ಪತ್ತು–ಮೂವತ್ತು ಮೀಟರ್ ಅಂತರದಲ್ಲಿ ಇರಬಹುದು. ಗಾಡಿಯಲ್ಲಿ ಹೋದರೆ ಒಂದರಿಂದ ಇನ್ನೊಂದಕ್ಕೆ ನೂರಾರು ಮೀಟರು. ಬಂಡೆ, ದಟ್ಟ ಮರಗಳ ನಡುವೆ ಜಿಪಿಎಸ್ ಇಪ್ಪತ್ತು ಮೀಟರ್ ತಪ್ಪಿದರೆ ಸಾಕು, ಕಂಪ್ಯೂಟರು ಮೇಲಿನ ತಿರುವಿನ ಅಪಘಾತವನ್ನು ಕೆಳಗಿನ ರಸ್ತೆಗೆ ಅಂಟಿಸ್ತದೆ. ಅಕ್ಷಾಂಶದ ಜೊತೆಗೆ ಕಿಲೋಮೀಟರ್ ಕಲ್ಲಿನ ಸಂಖ್ಯೆಯೂ ಇದ್ದರೆ ಈ ತಪ್ಪು ತಕ್ಷಣ ಗೊತ್ತಾಗ್ತದೆ.

6. ಎಣಿಕೆಗೆ ಸಿಗದ ತಿರುವು

ಇಷ್ಟೆಲ್ಲ ಯಾಕೆ ಮುಖ್ಯ? ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ರಾಷ್ಟ್ರೀಯ ಹೆದ್ದಾರಿಗಳಲ್ಲಿ ‘ಬ್ಲ್ಯಾಕ್ ಸ್ಪಾಟ್’ ಅನ್ನೋದಕ್ಕೆ ಒಂದು ಲೆಕ್ಕ ಇಟ್ಟಿದೆ. ಸುಮಾರು 500 ಮೀಟರ್ ಉದ್ದದ ರಸ್ತೆಯಲ್ಲಿ ಮೂರು ವರ್ಷದಲ್ಲಿ ಸಾವು ಅಥವಾ ತೀವ್ರ ಗಾಯ ಆದ 5 ಅಪಘಾತಗಳು, ಇಲ್ಲವೇ ಒಟ್ಟು 10 ಸಾವುಗಳು ಆಗಿರಬೇಕು. ಆ ಪಟ್ಟಿಗೆ ಸೇರಿದರೆ ಜಾಗದ ಪರಿಶೀಲನೆ, ತಡೆಗೋಡೆ, ಫಲಕ, ತಿರುವಿನ ತಿದ್ದುಪಡಿ ಇವಕ್ಕೆ ದಾರಿ ಆಗ್ತದೆ. ಸೇರದಿದ್ದರೆ ಕಾಯಬೇಕು.

ಒಂದು ಕಲ್ಪಿತ ಉದಾಹರಣೆ ತಗೊಳ್ಳೋಣ. ಒಂದೇ ತಿರುವಿನಲ್ಲಿ ಮೂರು ವರ್ಷದಲ್ಲಿ ಐದು ಗಂಭೀರ ಅಪಘಾತ. ಮೊದಲನೆಯದನ್ನು ಠಾಣೆಯಿಂದ ಪೂರ್ಣ ಕಿಲೋಮೀಟರಿನಲ್ಲಿ ಬರೆದರು, ಅದು 400 ಮೀಟರ್ ಆಚೆ ಹೋಯಿತು. ಎರಡನೆಯದನ್ನು ಊರಿನ ಹೆಸರಿನಿಂದ ಬರೆದರು, ಅದು ಊರಿನ ನಡುವೆ ಕೂತಿತು. ಮೂರನೆಯದು ಕಲ್ಲಿನಿಂದ ಅಳೆದದ್ದು, ಸರಿಯಾಗಿದೆ. ನಾಲ್ಕನೆಯದಕ್ಕೆ ಅಕ್ಷಾಂಶ ಇದೆ, ಆದರೆ ಕೆಳಗಿನ ರಸ್ತೆಗೆ ಅಂಟಿದೆ. ಐದನೆಯದು ಗಡಿಯಾಚೆ ದಾಖಲಾಯಿತು. ನೆಲದ ಮೇಲೆ ಐದು, ನಕ್ಷೆಯ ಮೇಲೆ ಒಂದು. ಅಲ್ಲಿ ಬ್ಲ್ಯಾಕ್ ಸ್ಪಾಟ್ ಇಲ್ಲ.

ಎಲ್ಲವನ್ನೂ ಸರಿಯಾಗಿ ಬರೆದರೂ ಇನ್ನೊಂದು ಜಾರುವಿಕೆ ಇದೆ. ರಸ್ತೆಯನ್ನು ಮೊದಲೇ 10.0ರಿಂದ 10.5, 10.5ರಿಂದ 11.0 ಅಂತ ತುಂಡು ಮಾಡಿಟ್ಟು ಎಣಿಸಿದರೆ, 10.5ರ ಆಚೀಚೆ ಇರುವ ತಿರುವಿನ ಅಪಘಾತಗಳು ಎರಡು ತುಂಡಿಗೆ ಹಂಚಿ ಹೋಗ್ತವೆ. ಒಂದಕ್ಕೆ ಮೂರು, ಇನ್ನೊಂದಕ್ಕೆ ಎರಡು. 500 ಮೀಟರಿನ ಕಿಟಕಿಯನ್ನು ದಾರಿಯುದ್ದಕ್ಕೂ ಸ್ವಲ್ಪ ಸ್ವಲ್ಪವೇ ಸರಿಸುತ್ತಾ ಎಣಿಸಿದರೆ ಮಾತ್ರ ಐದೂ ಒಟ್ಟಿಗೆ ಕಾಣ್ತವೆ. ಬ್ರಿಟನ್ನಿನಲ್ಲಿ ಗಾಯವಾದ ಅಪಘಾತಗಳನ್ನು ದೇಶಕ್ಕೆಲ್ಲ ಒಂದೇ ನಮೂನೆಯಲ್ಲಿ ದಾಖಲಿಸುವ ಪದ್ಧತಿ 1949ರಿಂದ ಇದೆ. ಅಲ್ಲಿ ರಸ್ತೆಯ ಸಂಖ್ಯೆ ಮತ್ತು ರಾಷ್ಟ್ರೀಯ ನಕ್ಷೆಯ ಜಾಲದ ಅಂಕಿ ಎರಡನ್ನೂ ಒಟ್ಟಿಗೆ ಬರೀತಾರೆ. ಒಂದು ಇನ್ನೊಂದಕ್ಕೆ ಸಾಕ್ಷಿ ಆಗ್ತದೆ.

7. ಕೊನೆಯ ಮಾತು

ನನ್ನ ವಾದ ಇಷ್ಟೇ. ಜಾಗವನ್ನು ಹೇಳುವ ಪ್ರತಿ ಪದ್ಧತಿಯೂ ಒಂದು ಭಾಷೆ. ಅನುವಾದ ಮಾಡುವಾಗ ಮೂಲವನ್ನು ಎಸೆಯಬಾರದು ಅಂತ ನಮಗೆ ಪಾಠ ಹೇಳಿಕೊಟ್ಟಿದ್ದಾರೆ. ಅದೇ ನಿಯಮ ಇಲ್ಲೂ ಬೇಕು. ಸ್ಥಳದಲ್ಲಿ ಮೊದಲು ಬರೆದ ಮಾತನ್ನು, ಅದು ‘ಮತ್ತಿ ಮರದ ತಿರುವು’ ಅಂತಿದ್ದರೂ, ಹಾಗೇ ಉಳಿಸಬೇಕು. ಅದರ ಪಕ್ಕದಲ್ಲಿ ರಸ್ತೆ ಸಂಖ್ಯೆ, ಕಲ್ಲಿನ ಸಂಖ್ಯೆ, ಅಕ್ಷಾಂಶ–ರೇಖಾಂಶ ಬರೀಬೇಕು. ಅದರ ಮುಂದೆ ಯಾವ ಕೋಲು ಅಂತಲೂ ಬರೀಬೇಕು: ಸ್ಥಳದಲ್ಲಿ ನಿಂತು ಹಿಡಿದದ್ದೋ, ಆಮೇಲೆ ತುಂಬಿದ್ದೋ, ಯಾವ ವರ್ಷದ ಚೈನೇಜು, ರಸ್ತೆಯ ದೂರವೋ, ನೇರ ದೂರವೋ. ಮುಂದೆ ಯಾರಾದರೂ ತಿದ್ದಿದರೆ ಹಳೆಯದನ್ನು ಅಳಿಸದೆ ಪಕ್ಕದಲ್ಲಿ ಹೊಸದನ್ನು ಸೇರಿಸಬೇಕು. ಶಾಸನ ಬರೆದವನು ಕಲ್ಲಿನ ಮೇಲೆ ಕಷ್ಟಪಟ್ಟು ಕೊರೆದ ಮಾಹಿತಿ ಇದು. ನಮಗೆ ಇನ್ನೆರಡು ಕಾಲಂ ಹೆಚ್ಚು ಬೇಕು, ಅಷ್ಟೇ.

ಪ್ರಶ್ನೋತ್ತರ

ಸಹಪಾಠಿಯೊಬ್ಬರ ಪ್ರಶ್ನೆ: ಅಕ್ಷಾಂಶ ಇದ್ದ ಮೇಲೆ ಮರ, ಗುಡಿ ಅಂತ ಬರೆಯೋದು ಹಿಂದಕ್ಕೆ ಹೋದ ಹಾಗಲ್ಲವೇ? ಮರ ನಾಳೆ ಇರೋದಿಲ್ಲ.

ಉತ್ತರ: ಮರ ಇರೋದಿಲ್ಲ, ಒಪ್ತೇನೆ. ರಸ್ತೆ ಅಗಲ ಮಾಡುವಾಗ ಮೊದಲು ಹೋಗೋದೇ ಅದು. ಕಲ್ಲೂ ಹೋಗ್ತದೆ. ಅದಕ್ಕೇ ಒಂದರ ಮೇಲೆ ಭಾರ ಹಾಕಬಾರದು ಅಂದೆ. ಸ್ಥಳೀಯರ ಗುರುತಿನಲ್ಲಿ ಅಂಕಿಯಲ್ಲಿ ಇಲ್ಲದ ಒಂದು ಮಾಹಿತಿಯೂ ಇರ್ತದೆ. ‘ಗಿಡದ ಕೆಳಗಿನ ತಿರುವು’ ಅಂದಾಗ ಮಾವ ಹೇಳಿದ್ದು ಜಾಗವನ್ನಷ್ಟೇ ಅಲ್ಲ. ಆ ಮರದಿಂದಾಗಿ ಎದುರಿನ ಗಾಡಿ ಕಾಣೋದಿಲ್ಲ ಅನ್ನೋ ಕಾರಣವೂ ಅದರಲ್ಲಿತ್ತು.

ಗುರುಗಳ ಪ್ರಶ್ನೆ: ನಿನ್ನ ಮಾವನ ಕೇಸು ಏನಾಯಿತು?

ಉತ್ತರ: ತಡವಾಯಿತು ಸರ್, ಆದರೆ ಮುಗೀತು. ಘಟನೆಯ ಮರುದಿನ ಊರಿನ ಹುಡುಗನೊಬ್ಬ ತೆಗೆದ ಫೋಟೊ ಒಂದಿತ್ತು. ಅದರಲ್ಲಿ ಮಗುಚಿದ ಟೆಂಪೊ, ಹಿಂದೆ ಆ ಮತ್ತಿ ಮರ, ಮುಂದೆ ಅರ್ಧ ಅಂಕಿ ಅಳಿಸಿದ ಕಿಲೋಮೀಟರ್ ಕಲ್ಲು ಮೂರೂ ಇದ್ದವು. ಮೂರು ಕಾಗದಗಳು ಒಂದೇ ಜಾಗದ ಮಾತಾಡ್ತಿವೆ ಅಂತ ತೋರಿಸಲಿಕ್ಕೆ ಅದು ಸಾಕಾಯಿತು. ಮಾವ ಈಗ ಜಾಂಬೋಟಿಯಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡಿದ್ದಾರೆ. ವಾಳಪೈಗೆ ಹೋಗುವ ಹುಡುಗರು ಅಲ್ಲಿ ಚಹಾಕ್ಕೆ ನಿಂತರೆ, ಯಾವ ತಿರುವಿನಲ್ಲಿ ಹಾರ್ನ್ ಹೊಡೀಬೇಕು ಅಂತ ಅವರೇ ಹೇಳಿ ಕಳಿಸ್ತಾರೆ.

ಇಲ್ಲಿಗೆ ಮುಗಿಸ್ತೇನೆ.